ಹಾಲೆಂಡಿಗೆ ಮುಯ್ಯಾಳು

ಮಲ್ಲಿಪಟ್ಟಣದ ಪುಟ್ಟರಾಜು ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದನ್ನು ಕೇಳಿದರೆ ಯಾರಿಗಾದರೂ ಅನುಮಾನ ಬಂದೀತು. ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ, ಹೆಂಡತಿ ಕಮಲಾಕ್ಷಮ್ಮನ ಮುಂದೆ ದನಿ ಎತ್ತುವವನಂತೂ ಅಲ್ಲವೇ ಅಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ, ಸೊಂಟನೋವು. ಆ ನೋವಿಗೂ ಒಂದು ನೇಮವಿತ್ತು. ತನ್ನ ಹೊಲದಲ್ಲಿ ಕೆಲಸವಿದ್ದಾಗ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಬೇರೆಯವರ ಹೊಲಕ್ಕೆ ಮುಯ್ಯಾಳಾಗಿ ಹೋಗಬೇಕಾದ ದಿನ ಮಾತ್ರ ಕೋಳಿ ಕೂಗುವ ಮೊದಲೇ ಬಂದು ಕೂತಿರುತ್ತಿತ್ತು.

ಮುಯ್ಯಾಳು ಎಂದರೆ, ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ ಎಂಬ ಒಪ್ಪಂದ. ಕೂಲಿಯಿಲ್ಲ, ಕಾಗದವಿಲ್ಲ, ಆಳಿಗೆ ಆಳು. ಊರಿನ ಮುಯ್ಯಾಳಿನ ಲೆಕ್ಕವೆಲ್ಲ ದೊಡ್ಡತಾಯಮ್ಮನ ತಲೆಯಲ್ಲಿತ್ತು. ಎಂಬತ್ತು ದಾಟಿದ ಮುದುಕಿ, ಜಗುಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಾ ಯಾರ ಹೊಲಕ್ಕೆ ಯಾರು ಹೋದರು, ಯಾರು ಮಧ್ಯಾಹ್ನದ ಮೇಲೆ ಮರದಡಿ ಮಲಗಿದರು ಎಂಬುದನ್ನೆಲ್ಲ ನೋಡಿಟ್ಟುಕೊಳ್ಳುತ್ತಿದ್ದಳು. ಅವಳು 'ಬಾಕಿ ಅದೆ' ಎಂದರೆ ಬಾಕಿ ಇದೆ. ಅದರ ಮೇಲೆ ಅಪೀಲಿಲ್ಲ.

ಪಕ್ಕದ ಹೊಲದ ರಂಗಣ್ಣನ ಶುಂಠಿ ನಾಟಿಗೆ ಊರೆಲ್ಲ ಹೋದ ದಿನ ಪುಟ್ಟರಾಜು ಎಂದಿನಂತೆ ಸೊಂಟ ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದ. ಅದೇ ದಿನ ಹಾಸನದ ಕಾಲೇಜೊಂದರ ಪ್ರೊಫೆಸರ್ ರವೀಂದ್ರ, ಹಸು ಮತ್ತು ಶುಂಠಿ ಎರಡೂ ಇರುವ ರೈತನನ್ನು ಹುಡುಕಿಕೊಂಡು ಊರಿಗೆ ಬಂದರು. ಊರಲ್ಲಿ ಕಣ್ಣಿಗೆ ಬಿದ್ದ ಗಂಡಸು ಇವನೊಬ್ಬನೇ. ಹೀಗೆ ಪುಟ್ಟರಾಜು, ಮಲಗಿದ್ದಲ್ಲೇ, 'ಸುಸ್ಥಿರ ರಂಜಕ ರಸಾಯನಶಾಸ್ತ್ರ ಸಹಯೋಗಿ ಸಂಶೋಧನಾ ತರಬೇತಿ ಜಾಲ'ದ ಪಾಲುದಾರ ರೈತನಾದ. ಆ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಅವನಿಗೆ ತಿಂಗಳುಗಳೇ ಹಿಡಿದವು. ಅದರಲ್ಲಿ ರಂಜಕ ಯಾವುದು ಎಂದು ತಿಳಿಯಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು.

ಜಾಲದ ಉದ್ಘಾಟನೆ ಆ ವರ್ಷ ಕಾರ್ತಿಕದಲ್ಲಿ ಹಾಸನದಲ್ಲಿ ನಡೆಯಿತು. ರೈತರ ಕಾರ್ಯಕ್ರಮವೆಂದ ಮೇಲೆ ವೇದಿಕೆ ಮೇಲೆ ಒಬ್ಬ ರೈತ ಇರಬೇಕಲ್ಲ, ಪುಟ್ಟರಾಜುವಿಗೆ ಮೈಸೂರು ಪೇಟ ತೊಡಿಸಿ ಜಾಲದ ಇನ್ನೊಂದು ಕಡೆಯವರಾದ ಹಾಲೆಂಡಿನ ಪ್ರೊಫೆಸರೊಬ್ಬರ ಪಕ್ಕದಲ್ಲಿ ಕೂರಿಸಿದರು. ರವೀಂದ್ರರು ಎಲ್ಲವನ್ನೂ ಬಿಡಿಸಿ ಹೇಳಿದರು. ರಂಜಕ ಎಂದರೆ ನಾವು ಹಾಕುವ ಡಿಎಪಿ ಗೊಬ್ಬರದ ಚೀಲದೊಳಗಿನ ಸತ್ವ. ಅದು ಎಲ್ಲೋ ಹೊರದೇಶದ ಬಂಡೆಯಿಂದ ಬರುತ್ತದೆ, ಬಂಡೆ ಒಂದು ದಿನ ಮುಗಿಯುತ್ತದೆ. ಆದರೆ ನಾವು ತಿಂದ ರಂಜಕ ದನದ ಗಂಜಲದಲ್ಲಿ, ಮನುಷ್ಯರ ಮೂತ್ರದಲ್ಲಿ ಹರಿದು ಚರಂಡಿ ಸೇರುತ್ತಿದೆ. ಅದನ್ನು ಹಿಡಿದು ಮತ್ತೆ ಗೊಬ್ಬರ ಮಾಡುವ ರಸಾಯನವನ್ನು ಹುಡುಗ ಹುಡುಗಿಯರಿಗೆ ಕಲಿಸುವುದೇ ಈ ಜಾಲ. ಇಲ್ಲಿಯ ವಿದ್ಯಾರ್ಥಿ ಹಾಲೆಂಡಿಗೆ ಹೋಗಿ ಕೆಲಸ ಮಾಡುತ್ತಾನೆ, ಅಲ್ಲಿಯವರು ಇಲ್ಲಿ ಬಂದು ಮಾಡುತ್ತಾರೆ. ಇದರಲ್ಲಿ ದುಡ್ಡಿನ ವ್ಯವಹಾರವಿಲ್ಲ, ಕೆಲಸಕ್ಕೆ ಕೆಲಸ.

ಸಭೆಯಲ್ಲಿದ್ದ ವಿದ್ವಾಂಸರಿಗೆ ಇದು ಎಷ್ಟು ಅರ್ಥವಾಯಿತೋ ತಿಳಿಯದು. ಪುಟ್ಟರಾಜುವಿಗೆ ಮಾತ್ರ ಪೂರ್ತಿ ಅರ್ಥವಾಯಿತು, ತೊಂದರೆ ಶುರುವಾದದ್ದೇ ಅಲ್ಲಿ. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ಅವನು ಪೇಟ ಸರಿಮಾಡಿಕೊಂಡು ಎದ್ದ.

"ಇದು ನಮ್ಗೇನ್ ಒಸದಲ್ಲ ಸಾ. ನಮ್ಮೂರಲ್ಲಿ ಇದ್ಕೆ ಮುಯ್ಯಾಳು ಅಂತೀವಿ. ಅವರ ಆಳು ನಮ್ಮನೇಗೆ ಬಂದ್ಮೇಲೆ ನಮ್ಮಾಳು ಅವರ ಮನೇಗೆ ಓಗ್ಲೇಬೇಕು. ಬ್ಯಾರೆ ಯಾರ್ನೂ ಉಡುಕ್ಬ್ಯಾಡಿ, ನಾನೇ ಓಯ್ತೀನಿ."

ಚಪ್ಪಾಳೆ ಬಿತ್ತು. ಹಾಲೆಂಡಿನವರಿಗೆ ಯಾರೋ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಅವರು ಎದ್ದು ಪುಟ್ಟರಾಜುವನ್ನು ತಬ್ಬಿಕೊಂಡು, ನೀವು ಖಂಡಿತ ನಮ್ಮ ಊರಿಗೆ ಬರಬೇಕು ಎಂದರು. ಎದುರು ಮನೆಯವರು ಸಿಕ್ಕಾಗ 'ಬನ್ನಿ, ಊಟ ಮಾಡ್ಕಂಡ್ ಓಗೀರಂತೆ' ಎನ್ನುವುದಿಲ್ಲವೇ, ಅಂಥದ್ದೇ ಮಾತು ಅದು. ಹಾಗೆ ಕರೆದವರ ಮನೆಗೆ ಯಾರೂ ಎಲೆ ಹಿಡಿದುಕೊಂಡು ಹೋಗುವುದಿಲ್ಲ. ಆದರೆ ಪೇಟ ತೊಟ್ಟ ತಲೆಗೆ ಈ ಸೂಕ್ಷ್ಮವೆಲ್ಲ ಹೊಳೆಯುವುದು ಕಷ್ಟ. ಸಂಜೆಯೊಳಗೆ 'ಮುಯ್ಯಾಳಾಗಿ ಹಾಲೆಂಡಿಗೆ ಹೊರಟ ರೈತ' ಎಂಬ ವಿಡಿಯೋ ಅರಕಲಗೂಡು ತಾಲ್ಲೂಕಿನ ಎಲ್ಲ ಮೊಬೈಲುಗಳಿಗೂ ಮುಟ್ಟಿತು.

ಊರು ಮೊದಲು ನಕ್ಕಿತು. ರಂಗಣ್ಣ ಮಾತ್ರ ನಗಲಿಲ್ಲ. ಪಕ್ಕದ ಹೊಲಕ್ಕೆ ಬರಲು ಬಗ್ಗದ ಸೊಂಟ ವಿಮಾನ ಹತ್ತಲು ಹೇಗೆ ಬಗ್ಗೀತು ಎಂದು ಅವನು ದೊಡ್ಡತಾಯಮ್ಮನ ಜಗುಲಿಯಲ್ಲಿ ಪ್ರಶ್ನೆ ಇಟ್ಟ. ದೊಡ್ಡತಾಯಮ್ಮ ಬಹಳ ಹೊತ್ತು ಎಲೆಯಡಿಕೆ ಕುಟ್ಟಿ ತೀರ್ಪು ಕೊಟ್ಟಳು. ಪುಟ್ಟರಾಜು ಊರಿಗೆಲ್ಲ ಬಾಕಿ ಉಳಿಸಿಕೊಂಡವನು, ಆದ್ದರಿಂದ ಈ ಸಲ ಅವನ ಶುಂಠಿ ಕೀಳಲು ಊರಿನವರು ಯಾರೂ ಹೋಗಕೂಡದು. ಆದರೆ ಸಭೆಯಲ್ಲಿ ನಿಂತು ಮಾತು ಕೊಟ್ಟಿದ್ದಾನೆ. ಆ ಒಂದು ಮುಯ್ಯಿಯನ್ನು ತೀರಿಸಲಿ, ತೀರಿಸಲು ಹೊರಟ ದಿನವೇ ಊರೆಲ್ಲ ಅವನ ಹೊಲಕ್ಕೆ ಇಳಿಯಲಿ.

ಪುಟ್ಟರಾಜುವಿನ ಶುಂಠಿ ಬಲಿತು ನಿಂತಿತ್ತು, ಹಾಸನದ ವ್ಯಾಪಾರಿ ಲಾರಿ ಕಳಿಸಲೇ ಎಂದು ಫೋನು ಮಾಡುತ್ತಿದ್ದ. ಕೂಲಿಗೆ ಕರೆಯೋಣವೆಂದರೆ ಆಳುಗಳೆಲ್ಲ ಕಾಫಿ ಹಣ್ಣು ಬಿಡಿಸಲು ಸಕಲೇಶಪುರದ ಕಡೆ ಹೋಗಿದ್ದರು. ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಿದ್ದರೆ ಗಡ್ಡೆ ಮಣ್ಣಿನಲ್ಲೇ ಕೊಳೆಯುತ್ತದೆ. ವರ್ಷದ ಬೆಳೆ ಹೋದರೆ ಕಮಲಾಕ್ಷಮ್ಮನಿಗೆ ಮುಖ ತೋರಿಸುವುದು ಹೇಗೆ. ಹಾಗಾಗಿ ನಮ್ಮ ಪುಟ್ಟರಾಜು ಹಾಲೆಂಡಿಗೆ ಹೋಗಲೇಬೇಕಾಯಿತು.

ಅಷ್ಟರಲ್ಲಿ ಹಾಲೆಂಡಿನವರ ಕಡೆಯ ಆಳು ಬಂದಿಳಿಯಿತು. ವರ್ಷಾ ಎಂಬ ಹುಡುಗಿ, ಚನ್ನರಾಯಪಟ್ಟಣದ ಕಡೆಯವಳು, ಓದುತ್ತಿರುವುದು ಹಾಲೆಂಡಿನಲ್ಲಿ. ಜಾಲದ ಲೆಕ್ಕದಲ್ಲಿ ಅವಳು ತರಬೇತಿ ಸಂಶೋಧಕಿ, ದೊಡ್ಡತಾಯಮ್ಮನ ಲೆಕ್ಕದಲ್ಲಿ ಹಾಲೆಂಡಿನ ಆಳು. ಕೊಟ್ಟಿಗೆಯ ಗಂಜಲವನ್ನು ತೊಟ್ಟಿಯಲ್ಲಿ ಹಿಡಿದು, ಅದಕ್ಕೆ ಏನೇನೋ ಪುಡಿ ಬೆರೆಸಿ, ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಒಣಗಿಸುವುದು ಅವಳ ಕೆಲಸ. ಮನುಷ್ಯರದ್ದೂ ಬೇಕು ಎಂದು ಬಚ್ಚಲ ಹಿಂದೆ ಒಂದು ಕ್ಯಾನು ಇಟ್ಟಳು. ಕೈ ಬಿಡುವಾದಾಗ ಸುಮ್ಮನೆ ಕೂರಲಾರದೆ ಶುಂಠಿ ಸಾಲಿನಲ್ಲಿ ಕಳೆ ಕಿತ್ತಳು, ದನಕ್ಕೆ ಹುಲ್ಲು ಹಾಕಿದಳು. ಅವಳು ಹುಲ್ಲಿನ ಹೊರೆ ಎತ್ತಿದಾಗಲೆಲ್ಲ ದೊಡ್ಡತಾಯಮ್ಮ ಜಗುಲಿಯಿಂದ ಪುಟ್ಟರಾಜುವಿನ ಕಡೆ ನೋಡುತ್ತಿದ್ದಳು. ಬೇಡಮ್ಮ, ನೀನು ಕೂತ್ಕೋ ಎಂದು ಅವನು ಹುಡುಗಿಯನ್ನು ಅಂಗಲಾಚುತ್ತಿದ್ದ. ಅಣ್ಣನಿಗೆ ಎಷ್ಟು ಒಳ್ಳೆ ಮನಸ್ಸು ಎಂದುಕೊಂಡು ಹುಡುಗಿ ಇನ್ನೊಂದು ಹೊರೆ ಎತ್ತುತ್ತಿದ್ದಳು.

ಸುದ್ದಿ ತಿಳಿದು ಹೊಳೆನರಸೀಪುರದಿಂದ ಕಮಲಾಕ್ಷಮ್ಮನ ತಮ್ಮ ಗಂಗಾಧರಯ್ಯ ಬಂದ. ಗುಮಾಸ್ತನಾಗಿ ನಿವೃತ್ತನಾದವನು. ಒಮ್ಮೆ ಬಸ್ಸಿನಲ್ಲಿ ಕಾಶಿಗೆ ಹೋದಾಗ ನೇಪಾಳವನ್ನು ಮುಟ್ಟಿ ಬಂದದ್ದರಿಂದ ವಿದೇಶದ ವಿಚಾರದಲ್ಲಿ ಇಡೀ ಬಂಧುಬಳಗಕ್ಕೆ ಅವನದೇ ಕೊನೆಯ ಮಾತು. ಹಾಲೆಂಡಿನಲ್ಲಿ ನೆಲ ಸಮುದ್ರಕ್ಕಿಂತ ಕೆಳಗಿದೆಯಂತೆ, ಭಾವನಿಗೆ ಈಜು ಬರುವುದಿಲ್ಲವಲ್ಲ ಎಂದು ಮೊದಲು ಅಕ್ಕನನ್ನು ಅಳಿಸಿದ. ಆಮೇಲೆ ಭಾವನನ್ನು ಕರೆದುಕೊಂಡು ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿ, ಮೊಣಕಾಲು ಮುಟ್ಟುವ ಸ್ವೆಟರು, ಮಂಕಿ ಕ್ಯಾಪು ಕೊಡಿಸಿದ. ಅದೇ ಸಂಜೆ ಅವನು ಬಚ್ಚಲ ಕಡೆ ಹೊರಟಾಗ ವರ್ಷಾ ದಯವಿಟ್ಟು ಕ್ಯಾನಿನಲ್ಲಿ ಮಾಡಿ ಎಂದು ಕೇಳಿಕೊಂಡಳು. ಸಂಶೋಧನೆಗೆ ಕೊಟ್ಟದ್ದಕ್ಕೆ ರಸೀದಿ ಕೊಡುತ್ತೀರಾ ಎಂದು ಗಂಗಾಧರಯ್ಯ ಗಂಭೀರವಾಗಿ ವಿಚಾರಿಸಿದ.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ಪಾಪಯ್ಯ ಬಂದ. ಅರ್ಜಿದಾರ ಯಾವ ಕೆಲಸಕ್ಕೆ ಹೊರದೇಶಕ್ಕೆ ಹೋಗುತ್ತಿದ್ದಾನೆ ಎಂದು ಕೇಳಿದ. ಮುಯ್ಯಾಳಿಗೆ ಎಂದ ಪುಟ್ಟರಾಜು. ಪಾಪಯ್ಯ ಪೆನ್ನು ಹಿಡಿದುಕೊಂಡು ಆ ಮಾತನ್ನು ಕಾಗದದಲ್ಲಿ ಹುಡುಕಿದ, ಸಿಗಲಿಲ್ಲ. ಪ್ರವಾಸವೋ, ನೌಕರಿಯೋ, ಓದೋ, ಯಾವುದಾದರೂ ಒಂದು ಹೇಳಿ ಎಂದ. ಪುಟ್ಟರಾಜು ಮೂರೂ ಅಲ್ಲ ಎಂದ. ಹೋಗಲಿ, ಅಕ್ಕಪಕ್ಕದವರ ಹೇಳಿಕೆಯಾದರೂ ಬೇಕಲ್ಲ ಎಂದು ಪಾಪಯ್ಯ ರಂಗಣ್ಣನನ್ನು ಕರೆಸಿ, ಈ ಮನುಷ್ಯ ಎಂಥವನು ಎಂದು ಕೇಳಿದ.

"ಒಳ್ಳೆ ಮನ್ಸಾನೇ ಸಾ. ಕಳ್ಳಲ್ಲ, ಸುಳ್ಳಲ್ಲ," ಎಂದ ರಂಗಣ್ಣ. ಆಮೇಲೆ ಪುಟ್ಟರಾಜುವಿನ ಮುಖ ನೋಡದೆ, "ಮುಯ್ಯಾಳಿಗೆ ಮಾತ್ರ ಬರಾಕಿಲ್ಲ," ಎಂದ.

ಈಗಷ್ಟೇ ಅರ್ಜಿದಾರ ಮುಯ್ಯಾಳಿಗೇ ಹೋಗುವುದಾಗಿ ಹೇಳಿದ್ದ. ಪಕ್ಕದ ಹೊಲದವನು ನೋಡಿದರೆ ಮುಯ್ಯಾಳಿಗೆ ಬರುವುದೇ ಇಲ್ಲ ಎನ್ನುತ್ತಿದ್ದಾನೆ. ಈ ಎರಡು ಹೇಳಿಕೆಗಳನ್ನು ಒಂದೇ ಕಾಗದದ ಮೇಲೆ ಕೂರಿಸುವುದು ಹೇಗೆಂದು ಪಾಪಯ್ಯನಿಗೆ ಬಗೆಹರಿಯಲಿಲ್ಲ. ಇನ್ನೊಂದು ಸಲ ಬರುತ್ತೇನೆ ಎಂದು ಕಾಫಿ ಕುಡಿದು ಎದ್ದು ಹೋದ. ಪುಟ್ಟರಾಜು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಸರ್ಕಾರದ ಕಾಗದದ ಎದುರಿಗೆ ನಿಂತು, ಎಳವೆಯ ಗೆಳೆಯ ತನ್ನ ಬಗ್ಗೆ ಹಾಗೆ ಹೇಳಿದನಲ್ಲ ಎಂದು ಅವನಿಗೆ ಬಹಳ ನೋವಾಗಿತ್ತು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು.

ಇತ್ತ ನೆಂಟರು ಒಬ್ಬೊಬ್ಬರಾಗಿ ಬಂದು ಹುರಿಹಿಟ್ಟು, ಉಪ್ಪಿನಕಾಯಿ, ಹುರುಳಿಕಾಳು ತಂದು ಸುರಿದರು. ವಿಮಾನದಲ್ಲಿ ಕಿಟಕಿ ತೆಗೆಯಬೇಡ ಎಂದು ಒಬ್ಬ ಚಿಕ್ಕಪ್ಪ ಕೈ ಹಿಡಿದು ಹೇಳಿಹೋದ. ವರ್ಷಾ ಹಾಲೆಂಡಿಗೆ ವಾಪಸು ಹೊರಡುವ ದಿನ ಹತ್ತಿರವಾಯಿತು. ಪಾಸ್‌ಪೋರ್ಟು ಇನ್ನೂ ಬಾರದಿದ್ದರೂ ಅವಳ ಜೊತೆಯಲ್ಲೇ ಇವನೂ ಹೊರಡುತ್ತಾನೆಂದು ಊರು ತೀರ್ಮಾನಿಸಿಕೊಂಡಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ವ್ಯಾಪಾರಿ ಇನ್ನೆರಡು ದಿನದಲ್ಲಿ ಹೇಳದಿದ್ದರೆ ಲಾರಿ ಬೇರೆ ಕಡೆ ಹೋಗುತ್ತದೆ ಎಂದಿದ್ದ. ಪುಟ್ಟರಾಜು ಹಾಸನದ ಬಸ್ಸು ಹತ್ತಿ ರವೀಂದ್ರರ ಮುಂದೆ ಹೋಗಿ ನಿಂತು, ನನ್ನ ಟಿಕೆಟ್ಟು ಎಂದ.

ರವೀಂದ್ರರು ಬಸ್ ಟಿಕೆಟ್ಟು ಎಂದುಕೊಂಡು ಕೊಡಿ, ಪ್ರಯಾಣ ಭತ್ಯೆ ಹಾಕಿಸುತ್ತೇನೆ ಎಂದರು. ವಿಮಾನದ್ದು ಎಂದು ತಿಳಿಯಲು ಅರ್ಧ ಗಂಟೆ, ಯಾಕೆಂದು ತಿಳಿಯಲು ಇನ್ನರ್ಧ ಗಂಟೆ ಹಿಡಿಯಿತು. ತಿಳಿದ ಮೇಲೆ ಅವರು ನಗಲಿಲ್ಲ, ದೊಡ್ಡ ಮನುಷ್ಯರು. ಮೃದುವಾಗಿ ಹೇಳಿದರು. "ಪುಟ್ಟರಾಜು ಅವರೇ, ಇದರಲ್ಲಿ ಹೋಗಿಬರುವುದು ವಿದ್ಯಾರ್ಥಿಗಳು ಮಾತ್ರ. ನೀವು ಯಾರಿಗೂ ಏನನ್ನೂ ತೀರಿಸಬೇಕಾಗಿಲ್ಲ."

ಯಾರಿಗೂ ಏನೂ ತೀರಿಸಬೇಕಾಗಿಲ್ಲ. ಈ ಮಾತನ್ನು ಯಾರಾದರೂ ಹೇಳಲಿ ಎಂದು ಅವನು ಜೀವಮಾನವೆಲ್ಲ ಕಾದಿದ್ದ. ಈಗ ಬಂದು ಕಿವಿಗೆ ಬಿದ್ದಾಗ ಅದರಷ್ಟು ಕೆಟ್ಟ ಮಾತು ಬೇರೆ ಇಲ್ಲ ಅನ್ನಿಸಿತು.

ಊರಿಗೆ ಬಂದು ಇಳಿದರೆ ದೊಡ್ಡತಾಯಮ್ಮನ ಜಗುಲಿಯ ಮುಂದೆ ಜನ ನೆರೆದಿತ್ತು. ಯಾವತ್ತು ಪ್ರಯಾಣ ಎಂದು ನಾಲ್ಕು ಕಡೆಯಿಂದ ಕೇಳಿದರು. ಪುಟ್ಟರಾಜುವಿನ ಕೈ ಹಳೆಯ ಅಭ್ಯಾಸದಂತೆ ತಾನಾಗಿಯೇ ಸೊಂಟದ ಕಡೆಗೆ ಹೋಯಿತು. ನೆರೆದ ಜನವೆಲ್ಲ ಆ ಕೈಯನ್ನೇ ನೋಡಿತು. ರಂಗಣ್ಣ ಹೆಗಲ ಟವಲು ಕೊಡವಿಕೊಂಡು ಎದ್ದು ನಿಂತ. ಕಮಲಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪುಟ್ಟರಾಜು ಕೈಯನ್ನು ಸೊಂಟದಿಂದ ತೆಗೆದು, ಹಾಸನದಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅವರಿಗೆ ನಾನು ಬೇಕಿಲ್ಲವಂತೆ, ಮುಯ್ಯಿ ಬೇಡವಂತೆ ಎಂದ. ದೊಡ್ಡತಾಯಮ್ಮ ಎಲೆಯಡಿಕೆಯ ಕಲ್ಲನ್ನು ಕೆಳಗಿಟ್ಟಳು.

"ಅವರ್ಯಾರ್ಲಾ ಬ್ಯಾಡ ಅನ್ನಾಕೆ? ಓದೋ ಜಾಗಕ್ಕೆ ಯಾರ್ ಮುಯ್ಯಿ ಕೊಡ್ತಾರೆ. ಆಳು ಯಾವ ಮನೇಲಿ ಉಟ್ತೋ ಆ ಮನೇಗೆ ಮುಯ್ಯಿ. ನಿಮ್ಮನೆ ಎಲ್ಲವ್ವಾ ಮಗ?"

ವರ್ಷಾ, ಚನ್ನರಾಯಪಟ್ಟಣದ ಪಕ್ಕದ ಹಳ್ಳಿ, ಮನೆಯಲ್ಲಿ ಅಜ್ಜಿ ಕಲ್ಲಮ್ಮ ಇದ್ದಾಳೆ ಎಂದಳು. ಈಗ ಅಲ್ಲಿ ಏನು ಕೆಲಸ ಎಂದಳು ದೊಡ್ಡತಾಯಮ್ಮ. ತೆಂಗಿನಕಾಯಿ ಕಿತ್ತು ರಾಶಿ ಹಾಕಿದ್ದಾರೆ, ಸುಲಿಯಲು ಜನ ಸಿಕ್ಕಿಲ್ಲ ಎಂದಳು ಹುಡುಗಿ. ಗಂಜಲ ಹಿಡಿದು ಹಿಟ್ಟು ಒಣಗಿಸಿದ್ದು ಅವಳ ವಿದ್ಯೆಗೆ, ಅದು ಲೆಕ್ಕಕ್ಕಿಲ್ಲ. ಕಳೆ ಕಿತ್ತದ್ದು, ಹುಲ್ಲು ಹೊತ್ತದ್ದು ಸೇರಿ ಎರಡು ವಾರದ ಆಳು ಬಾಕಿ ಎಂದು ದೊಡ್ಡತಾಯಮ್ಮ ಅಲ್ಲೇ ಲೆಕ್ಕ ಮುಗಿಸಿದಳು.

ಮಾರನೆಯ ಬೆಳಗ್ಗೆ ಪುಟ್ಟರಾಜು ಹಾಲೆಂಡಿಗೆಂದು ಕಟ್ಟಿದ್ದ ಚೀಲವನ್ನೇ ಹೊತ್ತು ಹೊರಟ. ಸ್ವೆಟರು ಚೀಲದಲ್ಲಿ ಹಿಡಿಯದೆ ಮೈಮೇಲೆ ಬಂತು. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಹೊಳೆನರಸೀಪುರಕ್ಕೆ ಬಂದರೆ, ಭಾವ ಹೊರಟಿದ್ದಾನೆ ಎಂಬುದಷ್ಟೇ ತಿಳಿದು, ಎಲ್ಲಿಗೆಂಬ ಹೊಸ ಸುದ್ದಿ ತಲುಪದ ಗಂಗಾಧರಯ್ಯ ಹಳೆಯ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ನಿಲ್ದಾಣದಲ್ಲಿ ಹಾರ ಹಿಡಿದು ಕಾದಿದ್ದ. ಪುಟ್ಟರಾಜು ಹತ್ತಬೇಕಾದ ಬಸ್ಸಿನ ಮೇಲೆ 'ಚನ್ನರಾಯಪಟ್ಟಣ' ಎಂದು ದೊಡ್ಡದಾಗಿ ಬರೆದಿತ್ತು. ಸಹೋದ್ಯೋಗಿಗಳು ಅದನ್ನು ಓದಿ ಮುಖ ಮುಖ ನೋಡಿಕೊಂಡರು. ಬೆಂಗಳೂರಿನ ಏರ್‌ಪೋರ್ಟಿಗೂ ಅದೇ ದಾರಿಯಲ್ಲವೇ ಎಂದು ಗಂಗಾಧರಯ್ಯ ತಾನೇ ವಿವರಿಸಿ ಹಾರ ಹಾಕಿ, ತಲುಪಿದ ತಕ್ಷಣ ಫೋನು ಮಾಡಿ ಭಾವ ಎಂದ. ತಲುಪಲು ಬಹಳ ಹೊತ್ತು ಆಗುವುದಿಲ್ಲ ಎಂದು ಪುಟ್ಟರಾಜು ನಿಜವನ್ನೇ ಹೇಳಿದ.

ಕಲ್ಲಮ್ಮನಿಗೆ ಮೊಮ್ಮಗಳು ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಳು. ಆದರೆ ಕಿವಿ ಸ್ವಲ್ಪ ಮಂದವಾದ ಅಜ್ಜಿಗೆ, ಹಾಲೆಂಡಿನ ಕಡೆಯಿಂದ ಒಬ್ಬ ಆಳು ಬರುತ್ತಾನೆ ಎಂಬುದಷ್ಟೇ ತಲೆಯಲ್ಲಿ ಉಳಿದಿತ್ತು. ಉರಿಬಿಸಿಲಿನಲ್ಲಿ ಸ್ವೆಟರು, ಕೊರಳಲ್ಲಿ ಹಾರ ಹಾಕಿಕೊಂಡು ಬೆವರುತ್ತಾ ಬಂದವನನ್ನು ಕಂಡು ಅವಳಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಕೈಸನ್ನೆಯಲ್ಲಿ ಕೂರಿಸಿ, ಕೈಸನ್ನೆಯಲ್ಲಿ ಮುದ್ದೆ ಮುರಿಯುವುದನ್ನು ತೋರಿಸಿಕೊಟ್ಟಳು. ಅವನು ಸೊಪ್ಪಿನ ಸಾರು ಚೆನ್ನಾಗಿದೆ ಕಣವ್ವ ಎಂದಾಗ ಬೆರಗಾಗಿ, ಎಷ್ಟು ಬೇಗ ಕನ್ನಡ ಕಲಿತುಬಿಟ್ಟ ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಪುಟ್ಟರಾಜು ಎಷ್ಟು ಹೇಳಿದರೂ ಕೇಳದೆ, ಪಾಪ, ನಮ್ಮ ಹುಡುಗಿ ಕಲಿಸಿಕೊಟ್ಟಿರಬೇಕು ಎಂದಳು.

ಆಮೇಲೆ ಕೈ ಹಿಡಿದುಕೊಂಡು ಹೋಗಿ ಕಾಯಿ ರಾಶಿಯ ಮುಂದೆ ನಿಲ್ಲಿಸಿದಳು. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ, ಸೊಂಟ ಬಗ್ಗಿಸಿ ಒತ್ತಿ, ಸಿಪ್ಪೆ ಬಿಡಿಸಬೇಕು. ಮೊದಲ ದಿನ ಮುಗಿಯುವ ಹೊತ್ತಿಗೆ ಪುಟ್ಟರಾಜುವಿಗೆ ಸೊಂಟನೋವು ಎಂದರೆ ಏನೆಂದು ಮೊಟ್ಟಮೊದಲ ಸಲ ತಿಳಿಯಿತು. ಫೋನು ಮಾಡಿ ಹೆಂಡತಿಗೆ ಹೇಳಿಕೊಂಡ. ಅದೊಂದು ಬ್ಯಾಡ ಬುಡಿ ಎಂದು ಅವಳು ನಕ್ಕಳು. ನಂತರ ದನಿ ತಗ್ಗಿಸಿ, ಊರೆಲ್ಲ ನಮ್ಮ ಹೊಲದಲ್ಲಿ ಇಳಿದಿದೆ, ಅರ್ಧ ಶುಂಠಿ ಲಾರಿಗೆ ಏರಿದೆ, ಮೊದಲು ಬಂದವನು ರಂಗಣ್ಣ ಎಂದಳು. ಪುಟ್ಟರಾಜು ಫೋನು ಇಟ್ಟು ಮತ್ತೆ ಗೂಟದ ಮುಂದೆ ಹೋಗಿ ಕತ್ತಲಾಗುವವರೆಗೂ ಸುಲಿದ.

ಎರಡು ವಾರ ಮುಗಿದ ಮೇಲೂ ಒಂದಷ್ಟು ಕಾಯಿ ಉಳಿದಿತ್ತು. ಅರ್ಧಕ್ಕೆ ಬಿಟ್ಟು ಹೋದರೆ ಮನಸ್ಸು ಒಪ್ಪದೆಂದು ಅವನು ಇನ್ನೊಂದು ದಿನ ನಿಂತ. ಊರಿನವರು ಯಾರೂ ನಂಬದ ಸಂಗತಿ ಇದು, ಅವನೇ ಮೊದಲು ನಂಬಿರಲಿಲ್ಲ. ಕಲ್ಲಮ್ಮ ಲೆಕ್ಕಕ್ಕೆ ಬಿಗಿಯಾದ ಹೆಂಗಸು. ಒಂದಾಳು ನಿನಗೆ ಬಾಕಿ ಬಿತ್ತು, ಅದು ಮೊಮ್ಮಗಳ ಲೆಕ್ಕ, ಅವಳು ಆಗಲೇ ಹಾಲೆಂಡು ಸೇರಿಕೊಂಡಳು, ನೀನು ನಿಮ್ಮ ದೇಶಕ್ಕೆ ಹೋದಾಗ ಅಲ್ಲೇ ವಸೂಲು ಮಾಡಿಕೋ ಎಂದು ಹರಸಿ ಕಳಿಸಿದಳು.

ಊರಿಗೆ ಬಂದ ಮರುದಿನ ರಂಗಣ್ಣನ ಶುಂಠಿ ಕೀಳುವ ದಿನ. ಕೋಳಿ ಕೂಗಿತು. ಸೊಂಟ ನಿಜವಾಗಿಯೂ ನೋಯುತ್ತಿತ್ತು. ಆದರೆ ಅದನ್ನು ಹೇಳಿದರೆ ನಂಬುವವರು ಈ ಭೂಮಿಯ ಮೇಲೆ ಯಾರೂ ಇಲ್ಲದ್ದರಿಂದ ಪುಟ್ಟರಾಜು ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಮೊದಲು ರಂಗಣ್ಣನ ಹೊಲಕ್ಕೆ ಇಳಿದ. ರಂಗಣ್ಣ ಒಂದು ಕುಕ್ಕೆಯನ್ನು ಅವನ ಕಡೆ ತಳ್ಳಿದ.

ಹೊತ್ತು ಏರುವಾಗ ಬೈಕು ನಿಲ್ಲಿಸಿ ಪಾಪಯ್ಯ ಬದುವಿನ ಮೇಲೆ ಬಂದು ನಿಂತ. ಆ ಪಾಸ್‌ಪೋರ್ಟಿನ ಹೇಳಿಕೆ ಇನ್ನೂ ಬಾಕಿ ಉಳಿದಿತ್ತು. ಪುಟ್ಟರಾಜು ಮಣ್ಣು ಕೆದರುತ್ತಿದ್ದವನು ತಲೆ ಎತ್ತಲಿಲ್ಲ. ಪಾಪಯ್ಯ ಕಾಗದ ಬಿಚ್ಚಿ ರಂಗಣ್ಣನನ್ನು ಅದೇ ಪ್ರಶ್ನೆ ಕೇಳಿದ, ಈ ಮನುಷ್ಯ ಎಂಥವನು.

ರಂಗಣ್ಣ ಕೈಯಲ್ಲಿದ್ದ ಶುಂಠಿಯ ಮಣ್ಣು ಉದುರಿಸಿದ. "ಮುಯ್ಯಾಳಿಗೆ ಬತ್ತಾನೆ ಸಾ," ಎಂದ.

ಪುಟ್ಟರಾಜುವಿನ ಕಣ್ಣು ತುಂಬಿ ಬಂತು. ಹಾಸನದ ಪೇಟಕ್ಕೂ ಹೊಳೆನರಸೀಪುರದ ಹಾರಕ್ಕೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಅವನು ಬಗ್ಗಿಕೊಂಡೇ ತೋಳಿನಿಂದ ಮುಖ ಒರೆಸಿಕೊಂಡ. ಪಾಪಯ್ಯ ಏನನ್ನೋ ಬರೆದುಕೊಂಡು, ಹಾಗಾದರೆ ಹಾಲೆಂಡಿಗೆ ಯಾವಾಗ ಹೊರಡುವುದು ಎಂದು ಕೇಳಿದ. ಪುಟ್ಟರಾಜು ಕುಕ್ಕೆಯನ್ನು ತಲೆಗೇರಿಸಿಕೊಂಡು ನೆಟ್ಟಗೆ ನಿಂತ.

"ನಾನ್ ಓಗಂಗಿಲ್ಲ ಸಾ. ಈಗ ಒಂದಾಳು ಅವರ್ಮೇಲೆ ಬಾಕಿ ಅದೆ. ಮೊದ್ಲು ಅವರು ಬಂದು ತೀರಿಸ್ಲಿ."